ಹನ್ನೊಂದು ಕಿಲೋಮೀಟರಿನಾಚೆ

ಕ್ರಿಸ್‌ಮಸ್ ಮುಗಿದ ಮರುದಿನ
ಹಳೇ ಕ್ಯಾಲೆಂಡರಿನ ಬೆನ್ನಿಗೆ ಅರುಳಪ್ಪ ಗೆರೆ ಎಳೆದ:
ಭದ್ರಾವತಿ, ತರೀಕೆರೆ, ಕಡೂರು, ಅರಸೀಕೆರೆ,
ಮೈಸೂರಿನಲ್ಲಿ ಒಂದು ರಾತ್ರಿ,
ದಿಂಬಂ ಘಾಟಿಯ ಇಪ್ಪತ್ತೇಳು ತಿರುವು,
ಆಮೇಲೆ ಮಧುರೆ ದಾಟಿ ಗೆರೆ ನೆಟ್ಟಗೆ
ನೆಲ ಮುಗಿಯುವ ಧನುಷ್ಕೋಡಿಗೆ.
"ಅಲ್ಲಿ ಜನವರಿಯಲ್ಲೂ ಮರಳು ಕಾದಿರುತ್ತಂತೆ" ಅಂದ,
ಚಹಾದ ಲೋಟವನ್ನು ಎರಡೂ ಕೈಯಲ್ಲಿ ಅವುಚಿಕೊಂಡು.

ಮೂವತ್ತೊಂದು ವರ್ಷ ಕುಲುಮೆಯ ಬಾಯಲ್ಲಿ ನಿಂತವನು.
ಮಾಗಿಯಲ್ಲೂ ಬನಿಯನ್ನು ಹಿಂಡಿ ಒಣಹಾಕುತ್ತಿದ್ದವನು.
ಕಾರ್ಖಾನೆ ಬಿಟ್ಟ ಮೇಲೆ ಆ ಮೈ
ಹಳೆಯ ಕಾವನ್ನು ಬಾಕಿ ವಸೂಲಿಗೆ ಬಂದವರ ಹಾಗೆ ಕೇಳುತ್ತದೆ.
ಹೊಳೆ ಮೇಲಿಂದ ಮಂಜು ಎದ್ದರೆ ಸಾಕು,
ಬೆರಳ ತುದಿಗಳು ಬಿಳಿಚಿ ಬಳಪದ ತುಂಡು.
ಡಾಕ್ಟರು ಅದಕ್ಕೊಂದು ಉದ್ದದ ಹೆಸರು ಹೇಳಿದರು.
ನಾನು ಕೈಗವಸು ಹೆಣೆದೆ.

ಗಾಡಿ ನನ್ನದು. ಅವನಿಗೆ ಸೈಕಲ್ಲೂ ಸರಿಯಾಗಿ ಬಾರದು.
ಇಪ್ಪತ್ತು ವರ್ಷ ಶಾಲೆ ಮಕ್ಕಳನ್ನು ತುಂಬಿಕೊಂಡು ಓಡಿಸಿದ ಓಮ್ನಿ:
ನ್ಯೂಟೌನಿಂದ ಹೊರಟು, ಸೇತುವೆ ದಾಟಿ, ಕಾನ್ವೆಂಟಿನ ಗೇಟು.
ಹನ್ನೊಂದು ಕಿಲೋಮೀಟರು, ದಿನಕ್ಕೆ ನಾಲ್ಕು ಸಲ.
ಮೀಟರಿನಲ್ಲಿ ಎರಡು ಲಕ್ಷ ದಾಟಿದೆ.
ಮೊನ್ನೆ ಮಗಳ ಹಳೇ ಭೂಗೋಳದ ಪುಸ್ತಕ ತೆರೆದು ಭಾಗಿಸಿದೆ:
ಭೂಮಿಯನ್ನು ಐದು ಸುತ್ತು ಹಾಕಿದ್ದೇನೆ,
ಹೆಚ್ಚಾಗಿ ಎರಡನೇ ಗೇರಿನಲ್ಲಿ,
ತರೀಕೆರೆಯನ್ನು ಮಾತ್ರ ನೋಡದೆ.

ದಸ್ತಗಿರಿ ಮುಂದಿನ ಸೀಟು ಎತ್ತಿ ಇಂಜಿನ್ ನೋಡಿದ.
"ಬೆಲ್ಟ್ ಹಾಕ್ಸಿ ಅಕ್ಕಾ. ಘಾಟಿ ಇಳೀವಾಗ ಬ್ರೇಕ್ ಮೇಲೇ ನಿಲ್ಲಬೇಡಿ.
ಇಂಜಿನ್ ಸೀಟಿನ ಕೆಳಗೇ ಇದೆ, ಅಣ್ಣಂಗೆ ಕಾಲು ಬೆಚ್ಚಗಿರ್ತದೆ."
ಅಣ್ಣನ ಮುಖ ನೋಡಬೇಕಿತ್ತು.
ಕೆಲಸ ವಾಪಸು ಸಿಕ್ಕಿದವನ ಮುಖ.

ಮಲಗಲು ಜಾಗ ಬೇಕೆಂದು ಹಿಂದಿನ ಬೆಂಚು ಬಿಚ್ಚಿದೆವು.
ತುಕ್ಕು ಹಿಡಿದ ನಾಲ್ಕು ಬೋಲ್ಟು, ಅರ್ಧ ದಿನ.
ಅಡಿಯಲ್ಲಿ ರಬ್ಬರು, ಪೆನ್ಸಿಲಿನ ಮೊಂಡು, ಮೂರು ಹೇರ್‌ಕ್ಲಿಪ್ಪು,
ಯಾರೋ ಬಚ್ಚಿಟ್ಟ ಪ್ರೋಗ್ರೆಸ್ ಕಾರ್ಡು,
ಕಾಗದದಲ್ಲಿ ಸುತ್ತಿದ ಒಂದು ಹಾಲುಹಲ್ಲು.
ಬೆಂಚಿನ ಬೆನ್ನಿಗೆ ಕಂಪಾಸಿನಿಂದ ಕೆತ್ತಿದ್ದು: ಪವನ ಕೋತಿ.
ಪವನ ಈಗ ಬ್ಯಾಂಕಿನಲ್ಲಿದ್ದಾನೆ, ನನ್ನ ಪಾಸ್‌ಬುಕ್ಕಿಗೆ ಸೀಲು ಒತ್ತುತ್ತಾನೆ.
ಹಲ್ಲನ್ನು ಮಾತ್ರ ಎಸೆಯಲಾಗಲಿಲ್ಲ.
ಡ್ಯಾಶ್‌ಬೋರ್ಡಿನ ಮಾತೆ ಮೇರಿಯ ಕಾಲಬುಡದಲ್ಲಿಟ್ಟೆ.

ಆಮೇಲೆ ಕಂಬಳಿಯ ಜಗಳ.
ಅವನು ಆರು ಇಟ್ಟ, ನಾನು ನಾಲ್ಕು ತೆಗೆದೆ.
"ಸೆಕೆ ಊರಿಗೆ ಹೊರಟವರಿಗೆ ಕಂಬಳಿ ಯಾಕೆ?"
"ಅಲ್ಲಿಗೆ ಮುಟ್ಟೋ ತನಕ ಇರೋದು ಇಲ್ಲೇ ತಾನೆ?"
ಉತ್ತರ ಹೊಳೆಯಲಿಲ್ಲ. ಎರಡು ವಾಪಸಿಟ್ಟೆ.

ನಿನ್ನೆ ಅಂಗಳದಲ್ಲೇ ಗಾಡಿಯಲ್ಲಿ ಮಲಗಿ ನೋಡಿದೆವು, ಪರೀಕ್ಷೆಗೆ.
ಕಾಲು ಚಾಚಿದರೆ ಸ್ಟೆಪ್ನಿ, ಕೈ ಚಾಚಿದರೆ ಅವನ ಗೊರಕೆ.
ನಡುರಾತ್ರಿ ಗಾಜು ತುಂಬಾ ನಮ್ಮದೇ ಉಸಿರಿನ ಹಬೆ.
ಅದರ ಮೇಲೆ ಬೆರಳಿನಿಂದ ದಾರಿ ಬರೆಯುತ್ತ ಕೂತಿದ್ದ;
ಅರಸೀಕೆರೆ ಹತ್ತಿರ ನೀರಾಗಿ ಇಳಿಯಿತು.
ಬೆರಳು ಹಿಡಿದು ನೋಡಿದೆ. ಬೆಚ್ಚಗಿತ್ತು.
"ಇಷ್ಟೇ ಸಾಕಲ್ಲವೇನೇ" ಅಂದ.
"ಪೆಟ್ರೋಲು ಉಳೀತದೆ. ದಿನಾ ಇಲ್ಲೇ ಮಲಗಿದರಾಯ್ತು."

ಕತ್ತಲಲ್ಲಿ ಸುಮ್ಮನಿದ್ದೆ ಸ್ವಲ್ಪ ಹೊತ್ತು.
ನನಗೆ ಚಳಿಯೇ ಆಗುವುದಿಲ್ಲ ಎಂದು
ಈ ಮನುಷ್ಯನಿಗೆ ಯಾರೂ ಹೇಳಿರಲಿಲ್ಲ, ನಾನೂ ಸಹ.

"ನೀನು ಬೇಕಾದರೆ ಇಳಿ" ಅಂದೆ.
"ನಾನು ಸೋಮವಾರ ಐದೂವರೆಗೆ ಹೊರಡುತ್ತೇನೆ.
ಸೇತುವೆ ಹತ್ತಿರ ಕೈ ಅಭ್ಯಾಸಕ್ಕೆ ಕಾನ್ವೆಂಟಿನ ಕಡೆ ತಿರುಗೀತು.
ಎಚ್ಚರಿಸೋಕೆ ಪಕ್ಕದಲ್ಲಿ ಒಬ್ಬರು ಬೇಕು."

ಅವನು ಕಂಬಳಿ ಎಳೆದುಕೊಂಡ.
ಅರ್ಧ ನಿಮಿಷದ ಮೇಲೆ, ಒಳಗಿನಿಂದ:
"ಸ್ಟೆಪ್ನಿಗೆ ಗಾಳಿ ಹಿಡಿಸಿದ್ದೀಯಾ?"