ಡೀಸೆಲ್ ಯಾವ ಬಾಬ್ತು

ನಾನು ವಿಜ್ಞಾನಿಯಲ್ಲ, ಲೆಕ್ಕದವನು.
ಮ್ವಾಂಜಾದ ಆಸ್ಪತ್ರೆಯ ಹಿಂಬದಿ, ಶವಾಗಾರಕ್ಕೂ
ಬಟ್ಟೆ ಒಗೆಯುವ ಕೋಣೆಗೂ ನಡುವೆ
ಹನ್ನೊಂದು ವರ್ಷದಿಂದ ಜಮಾ-ಖರ್ಚು ಬರೆಯುತ್ತೇನೆ.
ಕಿಟಕಿಯಾಚೆ ಬಂಡೆ, ಬಂಡೆಯ ಹೆಗಲೇರಿದ ಬಂಡೆ,
ಅದರಾಚೆ ಸರೋವರ; ಎದುರು ದಡವನ್ನು
ಯಾರೋ ಲೆಕ್ಕಕ್ಕೆ ಹಿಡಿಯಲು ಮರೆತಂತೆ.

ಎನ್‌ಕ್ವಿಂಬಾ ಮೂರನೆಯ ಸಲ ಬಂದಳು, ಫೆಲೋಶಿಪ್ಪಿನ ಅರ್ಜಿ ಹಿಡಿದು.
ಉಗುರಿನ ಸಂದಿಯಲ್ಲಿ ತೊಳೆದರೂ ಹೋಗದ ನೇರಳೆ ಬಣ್ಣ.
'ಲುಗೆಂಬೆ, ಬಜೆಟ್ಟಿನ ಪುಟ ನೀನು ತುಂಬು.
ಎರಡು ಸಲವೂ ನಾನು ಸೋತದ್ದು ಅಲ್ಲೇ.'

ಏನನ್ನು ಓದುತ್ತೀ ಎಂದೆ, ಓದಿ ಏನು ಮಾಡುತ್ತೀ.
ನನ್ನ ರಸೀದಿಯ ಬೆನ್ನಿಗೆ ಒಂದು ಚುಕ್ಕೆ ಇಟ್ಟಳು.
'ಇಪ್ಪತ್ತು ನಿಮಿಷಕ್ಕೆ ಇದು ಎರಡಾಗುತ್ತದೆ. ಮತ್ತಿಪ್ಪತ್ತಕ್ಕೆ ನಾಲ್ಕು.
ಅವುಗಳಲ್ಲೊಂದು ಮದ್ದನ್ನು ನುಂಗಿ ನೀರು ಕುಡಿಯಲು ಕಲಿಯುತ್ತದೆ,
ಪಕ್ಕದವನಿಗೂ ಕಲಿಸುತ್ತದೆ, ಫೀಸಿಲ್ಲದೆ.'
ಅವಳು ಹೋದ ಮೇಲೆ ಕ್ಯಾಲ್ಕುಲೇಟರ್ ಒತ್ತಿ ನೋಡಿದೆ:
ಬೆಳಗಿನ ಎಂಟಕ್ಕೆ ಹೊರಟ ಒಂದು
ಸಂಜೆ ಐದಕ್ಕೆ, ನಾನು ಬೀಗ ಹಾಕುವ ಹೊತ್ತಿಗೆ,
ಎಂಟು ಅಂಕಿಯ ಪರದೆಯಲ್ಲಿ ಹಿಡಿಸಲಿಲ್ಲ.
ಫೆಲೋಶಿಪ್ಪಿನ ಸಮಿತಿ ಸೇರುವುದು ವರ್ಷಕ್ಕೆರಡು ಸಲ.

ಹಾಗೆ ಅವಳ ರೋಗಗಳನ್ನೆಲ್ಲ ಕಾಲಮ್ಮಿಗಿಳಿಸಿದೆ.
ಅಗರ್, ಇಷ್ಟು ಕಿಲೋ. ಔಷಧದ ಬಿಲ್ಲೆ, ಇಷ್ಟು ಡಬ್ಬಿ.
ಕೋಳಿಸಂತೆಗೆ ಹೋಗಿಬರಲು ಬಸ್ ಚಾರ್ಜು
(ಕೋಳಿಯನ್ನು ಕೇಳಿ ಮಸಾಲೆ ಅರೆಯುವುದಿಲ್ಲ, ನಿಜ;
ಅದರ ನೀರಿಗೆ ಔಷಧಿಯನ್ನೂ ಕೇಳಿ ಕಲಸುವುದಿಲ್ಲ).
ಜನರೇಟರಿಗೆ ಡೀಸೆಲ್, ತಿಂಗಳಿಗೆ ಎಂಬತ್ತು ಲೀಟರ್.

ಫ್ರೀಜರಿನ ಬಗ್ಗೆ ಹೇಳಬೇಕು.
ಸೊನ್ನೆಗಿಂತ ಎಂಬತ್ತು ಕೆಳಗೆ; ಒಳಗೆ ಎರಡು ಸಾವಿರ ಚಿಲ್ಲರೆ ಕೊಳವೆ,
ಒಂದೊಂದರಲ್ಲೂ ಯಾರದೋ ಜ್ವರ, ನಂಬರು ಹಚ್ಚಿದ್ದು.
ನಾಲ್ಕುನೂರ ಹದಿನೇಳು ನನಗೆ ಗೊತ್ತು.
ಉಕೆರೆವೆ ದ್ವೀಪದಿಂದ ಫೆರ್ರಿಯಲ್ಲಿ ಬಂದ ಕೂಸು, ಮೂರು ದಿನದ್ದು.
ನಾಲ್ಕು ಮದ್ದು ಹಾಕಿದರು, ನಾಲ್ಕಕ್ಕೂ ಅದು ಜಗ್ಗಲಿಲ್ಲ.
ಬಾಕಿ ಬಿಲ್ಲನ್ನು ಮನ್ನಾ ಎಂದು ಬರೆದವನು ನಾನೇ.
ಹೆಸರಿಡುವ ಮೊದಲೇ ನಂಬರು ಬಿದ್ದಿತ್ತು.

ಅಕ್ಟೋಬರಿನಲ್ಲಿ ಉತ್ತರ ಬಂತು. ಸಿಕ್ಕಿತು!
ಎನ್‌ಕ್ವಿಂಬಾ ನನ್ನ ಮೇಜಿನ ಮೇಲೆಲ್ಲ ಸೋಡಾ ಚೆಲ್ಲಿದಳು.
ಹದಿನೆಂಟು ತಿಂಗಳ ಸಂಬಳ, ವಿಮಾನದ ಟಿಕೇಟು,
ನಾಯಕತ್ವ ತರಬೇತಿ ಐದು ದಿನ, ಊಟ ಸಹಿತ,
ಹೊಸ ಲ್ಯಾಪ್‌ಟಾಪ್.
ಡೀಸೆಲ್ಲಿನ ಎದುರು ಕೆಂಪು ಟಿಪ್ಪಣಿ:
ಇದು ಯಾವ ಬಾಬ್ತು? ಸಂಶೋಧನೆಗೆ ಸಂಬಂಧವೇನು?
ಬರೆದೆ. ನಾಲ್ಕು ಪುಟ. ಪರಿಶೀಲನೆಯಲ್ಲಿದೆ ಎಂದರು.

ಪರಿಶೀಲನೆ ನಡೆದಿರುವಾಗಲೇ ಒಂದು ಗುರುವಾರ ಕರೆಂಟು ಹೋಯಿತು.
ಫ್ರೀಜರಿನ ಅಂಕಿ ಎಂಬತ್ತರಿಂದ ಎಪ್ಪತ್ತೊಂದಕ್ಕೆ, ಅರವತ್ತಾರಕ್ಕೆ.
ಎನ್‌ಕ್ವಿಂಬಾ ಮುಚ್ಚಳದ ಮೇಲೆ ವಾರ್ಡಿನ ಕಂಬಳಿ ಹೊದಿಸುತ್ತಿದ್ದಳು
ಚಳಿಗೆ ನಡುಗುವವರಿಗೆ ಹೊದಿಸುವಂತೆ. ಇಲ್ಲಿ
ಕಾಯಬೇಕಿದ್ದದ್ದು ಚಳಿಯನ್ನೇ.
ನಾನು ಕ್ಯಾನು ಹಿಡಿದು ಧಕ್ಕೆಗೆ ಓಡಿದೆ.

ಫೆರ್ರಿಯ ಎಂಜಿನ್ ಕೋಣೆಯ ಮುದುಕ ಬುಗುಂಬಾ
ಇಪ್ಪತ್ತು ಲೀಟರ್ ಬಗ್ಗಿಸಿದ.
'ಏನಿಟ್ಟಿದ್ದೀರಿ ಅದರಲ್ಲಿ, ಮೀನೇ?'
'ನಿನ್ನ ಹಡಗಿನಲ್ಲಿ ಬಂದವರನ್ನು' ಎಂದೆ.
ಅವನು ರಸೀದಿ ಕೇಳಲಿಲ್ಲ.

ಹನ್ನೊಂದು ವರ್ಷದಲ್ಲಿ ಮೊದಲ ಸಲ ಪುಸ್ತಕ ತಾಳೆಯಾಗಲಿಲ್ಲ.
ಬರೆದೆ: ಕೈಗಡ, ಡೀಸೆಲ್, ಇಪ್ಪತ್ತು ಲೀಟರ್.
ಯಾರಿಗಾಗಿ ಎಂಬಲ್ಲಿ: ನಾಲ್ಕುನೂರ ಹದಿನೇಳು.
ತೀರಿಸುವ ದಿನಾಂಕದ ಮೇಲೆ ಪೆನ್ನು ನಿಂತಿತು.
ಹಿಂಬದಿಯಲ್ಲಿ ಜನರೇಟರ್
ಕೆಮ್ಮಿ, ಕೆಮ್ಮಿ, ಹಿಡಿದುಕೊಂಡಿತು.