ಒಲೆಯ ಮಸಿ

ಇರುಳು ಹೊರಗೆ ಒಯ್ಯುವ ಮುನ್ನ
ಪಾಪುವಿನ ಹಣೆಗೆ ಅಜ್ಜಿ ಒಲೆಯ ಮಸಿ ತೀಡುತ್ತಾಳೆ.
ಅಲ್ತಾಯ್ ಕತ್ತಲಲ್ಲಿ ಅಲೆಯುವಂಥದ್ದು
ಕಂಡರೂ ಅಂದುಕೊಳ್ಳಲಿ:
ಇದು ಮಗುವಲ್ಲ, ಮೊಲ.

ಸರೂಲ್‌ಗೆ ನಾಲ್ಕು ವರ್ಷ.
ಅವಳ ಹಣೆಗೆ ಏನಿಲ್ಲ. ‘ನೀನೀಗ ದೊಡ್ಡವಳು.’
ಅಮ್ಮನ ಮಗ್ಗುಲ ಕುರಿತೊಗಲ ಬೆಚ್ಚನೆಯಲ್ಲಿ
ಬಿಗಿದು ಸುತ್ತಿದ ಒಂದು ಕೆಂಪು ಮೂತಿ,
ಇನ್ನೂ ಹೆಸರೇ ಇಲ್ಲದ್ದು.

ಯಾರೂ ನೋಡದಾಗ
ಎಂಜಲು ಹಚ್ಚಿ ಒರೆಸಿಬಿಟ್ಟಳು.
ಬೇಕಾದರೆ ಒಯ್ಯಲಿ.

ನಡುರಾತ್ರಿ ನಾಯಿ ಬೊಗಳಿತು.
ಗುಡಾರದ ಉಣ್ಣೆಗೋಡೆ ಉಸಿರೆಳೆದಂತೆ ಒಳಬಂತು.
ಬರಿಗಾಲಲ್ಲಿ ಒಲೆಯತನಕ, ತಣ್ಣನೆ ಮಸಿಯೊಳಗೆ ಕೈ...

ಬೆಳಿಗ್ಗೆ ಅಮ್ಮ ನೋಡುತ್ತಾಳೆ:
ಹಣೆ, ಕೆನ್ನೆ, ಕಿವಿ, ಸುತ್ತಿದ ಬಟ್ಟೆಯೆಲ್ಲ ಕಪ್ಪು.
ಪಕ್ಕದಲ್ಲಿ ಹತ್ತೂ ಬೆರಳು ಕಪ್ಪಾದವಳು
ಬಾಯಿ ತೆರೆದು ಮಲಗಿದ್ದಾಳೆ,

ಮೂಗಿನ ಮೇಲೆ ತನಗೂ ಒಂದು ಚುಕ್ಕೆ.