ಶನಿವಾರದ ಖಾತೆ

ಕಪನೂರಿನ ದಾಲ್ ಮಿಲ್ಲಿನಾಗ
ನನ್ನ ಕುರ್ಚಿಗೆ ಒಂದು ಕಾಲು ಗಿಡ್ಡ.
ಅದರ ಕೆಳಗ ಮಡಚಿಟ್ಟ ರಟ್ಟು
ಮುನೀಮ ಗುಂಡೇರಾಯರ ಕಾಲದ್ದು.
ರಾಯರು ರಿಟೈರ್ ಆದರು, ರಟ್ಟು ಆಗಲಿಲ್ಲ.

ಶನಿವಾರ ಬಂತಂದ್ರ ಮುಂದ ಎರಡು ಪುಟ:
ಎಡಕ್ಕ ಗಂಡಾಳು, ಬಲಕ್ಕ ಹೆಣ್ಣಾಳು,
ನಡುವ ದಾರದ ಹೊಲಿಗಿ.
ಖಾಜಪ್ಪ, ಜರಡಿ ಮಷೀನು, ದಿನಕ್ಕ ಐನೂರ ಐವತ್ತು.
ಸೂಗಮ್ಮ, ಬ್ಯಾಳಿ ಹಸನ, ಮುನ್ನೂರ ಇಪ್ಪತ್ತು.

ಖಾಜಪ್ಪ ಚಾಕ್ಕ ಹೋದಾಗ
ಮಷೀನು ಸೂಗಮ್ಮನ ಕೈಯಾಗ.
ಅದು ನಿಲ್ಲಂಗಿಲ್ಲ, ಕೆಮ್ಮಂಗಿಲ್ಲ,
ಬಳಿ ಸದ್ದಿಗೆ ಬೆದರಂಗಿಲ್ಲ.
ಮಷೀನು ಬಿಟ್ಟ ಹಳ್ಳು ಹುಡುಕೋದು ಸೂಗಮ್ಮನ ಕಣ್ಣು.
ಸೂಗಮ್ಮ ಬಿಟ್ಟ ಹಳ್ಳು
ಯಾವ್ದೋ ಊರಾಗ ಯಾರದೋ ಹಲ್ಲಿಗೆ ಸಿಕ್ಕರ
ಬೈಗುಳ ಬರೋದು ಮಷೀನಿಗಲ್ಲ.

“ಗಂಡಸರು ಚೀಲ ಹೊರ್ತಾರಲ್ಲವಾ” ಅಂತಾರ ಸಾವ್ಕಾರ್ರು.
ಖರೇನ. ಭೀಮಶಾನ ಬೆನ್ನು ನಾನೂ ನೋಡೀನಿ,
ಅವನ ರೊಕ್ಕದಾಗ ಒಂದು ಪೈಸಾ ನನಗ ಬ್ಯಾಡ.
ಆದರ ಬಟನ್ನು ಒತ್ತಾಕ ಎಷ್ಟು ಕಿಲೋ ಬೇಕು?
ಗೇಟಿನ ಮುಂದ ಲಾರಿ ತೂಗೋ ಕಾಟಾ ಅದ.
ಒಂಬತ್ತು ತಾಸು ಬಗ್ಗಿ ಕುಂತ ಸೊಂಟ
ಒಮ್ಮೆನೂ ಅದರ ಮ್ಯಾಲ ಏರಿಲ್ಲ.

“ನಿಮಗ ಬಸ್ಸು ಫ್ರೀ ಅದ, ಮತ್ತ್ಯಾಕ?”
ಹೌದ್ರಿ, ಫ್ರೀನ ಅದ.
ಮಿಲ್ಲಿನ ತನಕ ಫ್ರೀ ತಂದು ಬಿಡ್ತದ,
ಮುನ್ನೂರ ಇಪ್ಪತ್ತಕ್ಕ.

ಹ್ವಾದ ವಾರ ಆಡಿಟ್ಟಿನವರು ಬರ್ತಾರಂತ
ಹಳೇ ಕಪಾಟು ತೆಗಿಸಿದ್ರು.
ಧೂಳು, ಸತ್ತ ಹಲ್ಲಿ, ಒಂದು ಕೆಂಪು ರಟ್ಟಿನ ಖಾತೆ.
ರಾಯರ ಕಡೀ ತಿಂಗಳು: ಹದಿನಾರು ಸಾವಿರ,
ಅವರದೇ ದುಂಡನ ಅಕ್ಷರ.
ಅದರ ಕೆಳಗಿನ ಗೆರಿ ಮ್ಯಾಲ, ಮುಂದಿನ ತಿಂಗಳು,
ನನ್ನ ಹೆಸರು: ಹತ್ತು ಸಾವಿರ.
ನನ್ನದೇ ಅಕ್ಷರ.
ಕೂಡಿಸಿ, ಕಳದು, ತಾಳೆ ನೋಡಿ
ನಾನೇ ಕೆಂಪು ಟಿಕ್ ಹಾಕೀನಿ.

ರಾಯರಿಗೆ ಕಂಪ್ಯೂಟರ್ ಬರ್ತಿರಲಿಲ್ಲ.
ಒಳ್ಳೆಯವರು. ನನಗ ಕೆಲಸ ಕಲಿಸಿದವರು.
ಬಡ್ಡಿ ಲೆಕ್ಕದಾಗ ಒಂದು ಪೈಸಾ ತಪ್ಪಿದ್ರೂ
ರಾತ್ರಿ ನಿದ್ದಿ ಮಾಡ್ತಿರಲಿಲ್ಲಂತ.
ಆರು ಸಾವಿರ ತಪ್ಪಿದ್ದಕ್ಕ ನಾನು
ನಾಲ್ಕು ವರ್ಷ ಚಂದಂಗಿ ಮಲಗೀನಿ.
ಆರು ವರ್ಷದಿಂದ ಸೂಗಮ್ಮ ನನ್ನ ಕಿಟಕಿಗೆ ಬಂದು
ಹೆಬ್ಬೆಟ್ಟು ಒತ್ತಿ ಕೇಳ್ತಾಳ,
“ಲೆಕ್ಕ ಸರಿ ಅದಲ್ಲ, ಬಾಯಾರ?”
ಸರಿ ಅದ ಅಂದೀನಿ.
ಪ್ರತಿ ಶನಿವಾರ.

ಇವತ್ತ ಒಂದೇ ಪುಟದಾಗ ಬರದೆ:
ಅಮೀನಾಬಿ, ಖಾಜಪ್ಪ, ಗಂಗೂಬಾಯಿ,
ಭೀಮಶಾ, ಮಹಾನಂದಾ, ಸೂಗಮ್ಮ.
ಅಕ್ಷರ ಬಂದಂಗ ಮಂದಿ ಬಂದ್ರು.
ಕೆಲಸದ ಮನಿ ತುಂಬ್ಯಾದ.
ಪಗಾರದ ಮನಿ ಖಾಲಿ ಬಿಟ್ಟೀನಿ.

“ಎರಡನೇ ಪುಟ ಎಲ್ಲದ?”
“ಇದರಾಗೇ ಅದ ನೋಡ್ರಿ.”
ಸಾವ್ಕಾರ್ರು ಚಾಳೀಸು ಹುಡುಕಲಿಕ್ಕತ್ತಾರ,
ಅದು ಅವರ ಹಣಿ ಮ್ಯಾಲೇ ಅದ.
ಕಿಟಕಿ ಹೊರಗ ಮಷೀನು ನಡದದ,
ಖಾಜಪ್ಪ ಇನ್ನೂ ಚಾದಿಂದ ಬಂದಿಲ್ಲ.

ಕುರ್ಚಿ ಕೆಳಗಿನ ರಟ್ಟು ಮುಂಜಾನೇನ ತೆಗದೀನಿ.
ಅಲಗಾಡ್ತದ.
ಅಲಗಾಡಲಿ.